ಬೇರೆ ದಡ್ಡಿಯ ಕಾಗದಗಳು

ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಮಾಲಾಳಿಗೆ ದಿನಾ ಬೆಳಿಗ್ಗೆ ದೇಶವಿದೇಶದ ಕಳ್ಳರೆಲ್ಲ ಕಾಗದ ಬರೆಯುತ್ತಿದ್ದರು. ಅವುಗಳನ್ನು ಓದುವುದಕ್ಕೇ ಅವಳಿಗೆ ಸಂಬಳ. ಕಾರ್ಖಾನೆಗೆ ಬರುವ ಇ-ಮೇಲುಗಳನ್ನೆಲ್ಲ ಒಂದು ಫಿಲ್ಟರ್ ಸೋಸುತ್ತಿತ್ತು. ಅನುಮಾನ ಬಂದವನ್ನು ಒಳಗೆ ಬಿಡದೆ ಬೇರೆ ಕಡೆ ತಡೆದಿಡುತ್ತಿತ್ತು. ಹಾಗೆ ತಡೆದಿಟ್ಟವುಗಳ ಪಟ್ಟಿ ಹತ್ತು ಗಂಟೆಗೆ ಮಾಲಾಳ ಪರದೆಯ ಮೇಲೆ ಬಂದು ಕೂರುತ್ತಿತ್ತು. ಒಂದೊಂದನ್ನೂ ನೋಡಿ, ಒಳ್ಳೆಯದಾದರೆ ಅದರ ವಾರಸುದಾರರಿಗೆ ಬಿಡಬೇಕು, ಕೆಟ್ಟದ್ದಾದರೆ ಅಳಿಸಬೇಕು. ಏನೂ ಮಾಡದೆ ಬಿಟ್ಟರೆ ಹದಿನಾಲ್ಕು ದಿನಕ್ಕೆ ತಾನಾಗಿಯೇ ಅಳಿದುಹೋಗುತ್ತಿತ್ತು.

ಈ ಫಿಲ್ಟರ್ ಬಂದದ್ದು ಕಚೇರಿಯ ಸೂಪರಿಂಟೆಂಡೆಂಟ್ ಬಾಳಾಸಾಹೇಬರ ಪುಣ್ಯದಿಂದ. ೨೦೦೯ರ ಹಂಗಾಮಿನಲ್ಲಿ, ಕಬ್ಬಿನ ಗಾಡಿಗಳು ಗೇಟಿನಿಂದ ರಸ್ತೆಯವರೆಗೂ ಸಾಲುಗಟ್ಟಿ ನಿಂತಿದ್ದಾಗ, ಅವರು ಯಾವುದೋ ಬಿಲ್ಲು ಬಂದಿದೆ ಎಂದು ಒಂದು ಮೇಲನ್ನು ತೆರೆದರು. ತೂಕದ ಮನೆಯದೂ ಸೇರಿ ಆರು ಕಂಪ್ಯೂಟರುಗಳು ಎರಡು ದಿನ ಕಣ್ಣು ಬಿಡಲಿಲ್ಲ. ಅದಕ್ಕೂ ಮುಂಚೆ ಅವರು ಆಫ್ರಿಕದ ಒಬ್ಬ ವಿಧವೆಯ ಕಷ್ಟಕ್ಕೆ ಕರಗಿ ಒಂದು ವಾರ ಕಾಗದ ವ್ಯವಹಾರ ನಡೆಸಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ಫಿಲ್ಟರ್ ಕೂರಿಸಿ, ಇದನ್ನು ದಿನಾ ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ಎಲ್ಲರೂ ಫ್ಯಾನಿನ ಕಡೆ ನೋಡಿದರು. ಮಾಲಾ ಗುತ್ತಿಗೆಯ ಮೇಲೆ ಇದ್ದವಳು, ವರ್ಷ ವರ್ಷವೂ ಅವಳ ಕೆಲಸ ಮುಂದುವರಿಯಬೇಕಿತ್ತು. ಕೆಲಸ ಅವಳ ಕೊರಳಿಗೆ ಬಿತ್ತು.

ಬೇರೆ ಯಾರಿಗಾದರೂ ಇದು ಕಸ ಗುಡಿಸುವ ಕೆಲಸ ಎನಿಸುತ್ತಿತ್ತು. ಮಾಲಾಳಿಗೆ ಮಾತ್ರ ಹುಚ್ಚು ಹಿಡಿಯಿತು. ಇವರೆಲ್ಲ ಯಾರು, ಎಲ್ಲಿ ಕೂತು ಬರೆಯುತ್ತಾರೆ, ತಮಗೇ ಯಾಕೆ ಬರೆಯುತ್ತಾರೆ ಎಂದು ತಿಳಿಯದೆ ಅವಳಿಗೆ ಸಮಾಧಾನವಿರಲಿಲ್ಲ. ಒಂದು ನೋಟ್‌ಬುಕ್ ಇಟ್ಟು ಬರೆದುಕೊಳ್ಳತೊಡಗಿದಳು. ಒಂದೇ ವಿಧವೆ ಒಂದೇ ಕಾಯಿಲೆಯಿಂದ ನಾಲ್ಕು ದೇಶಗಳಲ್ಲಿ ಸಾಯುತ್ತಿದ್ದಾಳೆ ಎಂದು ಕಂಡುಹಿಡಿದಳು. ಲಾಟರಿಯವರು ಶುಕ್ರವಾರ ಹೆಚ್ಚು ಬರೆಯುತ್ತಾರೆ. ಗಂಡಸರ ಗುಳಿಗೆ ಮಾರುವವರ ಕಾಗದಕ್ಕೆ ಮೊದಲ ವಾರ ಅವಳ ಮುಖ ಕೆಂಪಾಗುತ್ತಿತ್ತು, ಎರಡನೇ ವಾರಕ್ಕೆ ಹೇನು ಕುಕ್ಕಿದ ಹಾಗೆ ಕುಕ್ಕಿ ಒಗೆಯುತ್ತಿದ್ದಳು. ಕೊಲ್ಹಾಪುರದ ಬಿಡಿಭಾಗದ ವ್ಯಾಪಾರಿಯೊಬ್ಬನನ್ನು ಫಿಲ್ಟರ್ ಪ್ರತಿಸಲ ಹಿಡಿಯುತ್ತಿತ್ತು, ಏಕೆಂದರೆ ಪಾಪ, ಅವನು ಎಲ್ಲವನ್ನೂ ಕೆಂಪು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದ. ಅವನನ್ನು ಗುರುತಿಸಿ ಬಿಡಿಸಿದವಳು ಮಾಲಾಳೇ. ಆ ದಿನದಿಂದ ಅವಳಿಗೆ ತನ್ನ ಕಣ್ಣಿನ ಮೇಲೆ ತುಸು ಜಾಸ್ತಿಯೇ ನಂಬಿಕೆ ಬಂತು, ಮುಂದಿನ ಎಡವಟ್ಟಿಗೆಲ್ಲ ಅದೇ ಮೂಲ.

ಮನೆಯಲ್ಲಿ ಈ ಸುದ್ದಿಗಳಿಗೆ ಕಾಯುತ್ತಿದ್ದವನು ಅವಳ ಅಪ್ಪ ಅಮಸಿದ್ದಪ್ಪ. ಬೀರೇಶ್ವರನ ಒಕ್ಕಲು, ಎಂಬತ್ತು ಕುರಿಗಳ ಒಡೆಯ, ಅಕ್ಷರ ಬಾರದವನು. ಸಂಜೆ ಕುರಿ ಕೂಡಿ ಹಾಕಿ ಊಟಕ್ಕೆ ಕೂತರೆ, ಇವತ್ತು ಯಾರು ಬರೆದಿದ್ದರು ಎಂದು ಕೇಳುವುದು ಅವನ ರೂಢಿ. ಆ ವಿಧವೆ ಇನ್ನೂ ಬದುಕಿದ್ದಾಳಾ ಎಂದು ನಿಜವಾಗಿಯೂ ಕಾಳಜಿಯಿಂದ ಕೇಳುತ್ತಿದ್ದ. ಫಿಲ್ಟರ್ ಎಂದರೆ ಏನು ಎಂದು ಮಗಳು ಬಿಡಿಸಿ ಹೇಳಿದ ದಿನ ಅವನಿಗೆ ಏನೂ ಹೊಸದೆನಿಸಲಿಲ್ಲ. ಸಂತೆಯಿಂದ ತಂದ ಕುರಿಯನ್ನಾಗಲಿ, ದಾರಿ ತಪ್ಪಿ ಬಂದು ಹಿಂಡು ಸೇರಿದ್ದನ್ನಾಗಲಿ ಅವನು ಅಂದೇ ತನ್ನ ಕುರಿಗಳ ಜೊತೆ ಬಿಡುತ್ತಿರಲಿಲ್ಲ. ಅದಕ್ಕೆ ಬೇಲಿ ಹಾಕಿದ ಬೇರೆ ದಡ್ಡಿ. ಅಲ್ಲಿ ಕೆಲವು ದಿನ ಇಟ್ಟು ಮೂಗು, ಗೊರಸು, ಹಲ್ಲು ನೋಡುತ್ತಿದ್ದ. ದಾರಿ ತಪ್ಪಿದ್ದಾದರೆ ಕಿವಿಯ ಕಚ್ಚು, ಬೆನ್ನಿನ ಬಣ್ಣ ನೋಡಿ ಸುತ್ತಲಿನ ಹಿಂಡಿನವರಿಗೆಲ್ಲ ಹೇಳಿ ಕಳಿಸುತ್ತಿದ್ದ. ಒಡೆಯ ಸಿಗುವತನಕ ಅದನ್ನು ಮಾರುವ ಹಾಗಿಲ್ಲ, ಹೊಡೆದು ಓಡಿಸುವ ಹಾಗೂ ಇಲ್ಲ. ಮಾಲಾ ಕಚೇರಿಯಲ್ಲಿ ಈ ಮಾತು ಹೇಳಿದ್ದೇ ತಡ, ಫಿಲ್ಟರ್ ತಡೆದಿಟ್ಟ ಮೇಲುಗಳಿಗೆಲ್ಲ ‘ಬೇರೆ ದಡ್ಡಿ’ ಎಂಬ ಹೆಸರು ಬಿತ್ತು. ಬಾಳಾಸಾಹೇಬರೂ, ನನ್ನದೇನಾದರೂ ದಡ್ಡಿಯಲ್ಲಿದೆಯಾ ನೋಡವ್ವಾ ಎನ್ನತೊಡಗಿದರು.

ಈಗ ದಶರಥನ ವಿಷಯಕ್ಕೆ ಬರಬೇಕು. ದಶರಥ ಅದೇ ಕಾರ್ಖಾನೆಯ ಬಾಯ್ಲರಿನಲ್ಲಿ ಹದಿನಾಲ್ಕು ಹಂಗಾಮು ಹಿಂಡಿದ ಕಬ್ಬಿನ ಸಿಪ್ಪೆ ಉರಿಸಿದವನು. ಮೀಟರು ನೋಡದೆ, ಬರೀ ಸದ್ದು ಕೇಳಿ ಒಳಗೆ ಉಗಿ ಎಷ್ಟಿದೆ ಎಂದು ಹೇಳುತ್ತಿದ್ದ. ಆದರೆ ಹಂಗಾಮು ಮುಗಿದರೆ ಅವನ ಕೆಲಸವೂ ಮುಗಿಯುತ್ತಿತ್ತು, ಬನಹಟ್ಟಿಗೆ ಹೋಗಿ ಪವರ್‌ಲೂಮಿನ ಮುಂದೆ ನಿಲ್ಲುತ್ತಿದ್ದ. ಬಾಯ್ಲರಿನ ಹಿರಿಯ ಗಿರಿಮಲ್ಲಪ್ಪ ಆ ವರ್ಷ ನಿವೃತ್ತನಾಗುವವನಿದ್ದ. ಅವನ ಜಾಗಕ್ಕೆ ಸರ್ಟಿಫಿಕೇಟು ಇದ್ದವರೇ ಬೇಕು. ಸರ್ಟಿಫಿಕೇಟಿಗೆ ಪರೀಕ್ಷೆ, ಪರೀಕ್ಷೆಗೆ ವಯಸ್ಸಿನ ಮಿತಿ, ದಶರಥನಿಗೆ ಅದೇ ಕೊನೆಯ ವರ್ಷ. ತಪ್ಪಿದರೆ ಆ ಬಾಯ್ಲರನ್ನು ಹೊರಗಿನವನೊಬ್ಬ ನಡೆಸುತ್ತಾನೆ, ಇವನು ಬದುಕಿರುವತನಕ ಸಿಪ್ಪೆ ಉರಿಸುತ್ತಾನೆ.

ಅವನ ಅರ್ಜಿ ತುಂಬಿಕೊಟ್ಟವಳು ಮಾಲಾ. ಅದರಲ್ಲಿ ಇ-ಮೇಲ್ ವಿಳಾಸ ಎಂಬ ಖಾನೆಯಿತ್ತು, ಆ ವರ್ಷದಿಂದ ಪತ್ರ ವ್ಯವಹಾರವೆಲ್ಲ ಮೇಲಿನಲ್ಲೇ ಎಂದು ಕೆಳಗೆ ಬರೆದಿತ್ತು. ದಶರಥನಿಗೆ ಮೇಲ್ ಎಲ್ಲಿಂದ ಬರಬೇಕು. ಮಾಲಾ ಕಚೇರಿಯ ವಿಳಾಸ ಹಾಕಿ, ಬಂದ ತಕ್ಷಣ ಹೇಳುತ್ತೇನೆ ಎಂದು ಒಪ್ಪಿಕೊಂಡಳು. ಅರ್ಜಿಯಲ್ಲಿ ಅವನ ಮೊಬೈಲ್ ನಂಬರೂ ಇತ್ತು, ಆದರೆ ಆ ಮಹಾರಾಯ ಒಂದೇ ತಿಂಗಳಲ್ಲಿ ಅಗ್ಗದ ಸಿಮ್ ಸಿಕ್ಕಿತೆಂದು ಅದನ್ನು ಬದಲಿಸಿದ. ಜೂನ್‌ನಿಂದ ಪ್ರತಿ ಸೋಮವಾರ, ಲೂಮಿಗೆ ರಜೆಯಿದ್ದ ದಿನ, ಬನಹಟ್ಟಿಯಿಂದ ಬಸ್ಸು ಹತ್ತಿ ಬಂದು ಅವಳ ಕಿಟಕಿಯ ಸರಳು ಹಿಡಿದು ನಿಂತು ಒಂದೇ ಮಾತು ಕೇಳುತ್ತಿದ್ದ.

“ನಂದೇನರ ಬಂತೇನ್ರಿ?”

ಇನ್ನೂ ಇಲ್ಲ ಎಂದು ಮಾಲಾ ಹೇಳುತ್ತಿದ್ದಳು. ಅವನು ತಲೆಯಾಡಿಸಿ, ತಣ್ಣಗೆ ಬಿದ್ದಿದ್ದ ಬಾಯ್ಲರನ್ನು ಒಂದು ಸುತ್ತು ನೋಡಿಕೊಂಡು ಹೋಗುತ್ತಿದ್ದ.

ಇದರ ನಡುವೆ ದಡ್ಡಿಗೆ ಒಂದು ಬೇರೆ ಜಾತಿಯ ಮೇಲುಗಳು ಬಂದು ಬೀಳುತ್ತಿದ್ದವು. ಅವುಗಳಲ್ಲಿ ಓದುವಂಥದ್ದು ಏನೂ ಇರಲಿಲ್ಲ. ತಲೆಯ ಮೇಲೆ ಗೆರೆಯಿದ್ದ ಇಂಗ್ಲಿಷ್ ಅಕ್ಷರ, ಎರಡು ಚುಕ್ಕೆಯದು, ಬಾಲದ್ದು, ನಡುನಡುವೆ ಪೌಂಡಿನ ಗುರುತು. ರಷ್ಯದಿಂದಲೋ ಚೀನಾದಿಂದಲೋ ಬರುವ ಮೇಲುಗಳೂ ಹೆಚ್ಚುಕಡಿಮೆ ಹೀಗೇ ಕೆಟ್ಟು ಕಾಣುತ್ತಿದ್ದುದರಿಂದ ಮಾಲಾ ಇವೆಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಒಂದೇ ಹೆಸರಿಟ್ಟಿದ್ದಳು: ಪರದೇಶಿ. ಪರದೇಶಿ ಬಂದರೆ ತೆರೆದು ನೋಡಿ ಅಳಿಸುವುದು. ಜುಲೈಯಲ್ಲಿ ಒಂದೇ ವಿಳಾಸದಿಂದ ಎರಡು ಪರದೇಶಿ ಬಂದವು. ವಿಳಾಸದಲ್ಲಿ ಯಾರ ಹೆಸರೂ ಇರಲಿಲ್ಲ, ಪುಕ್ಕಟೆ ಇ-ಮೇಲಿನದು, ನಾಲ್ಕಾರು ಅಕ್ಷರ ಮತ್ತು ಒಂದಷ್ಟು ಅಂಕಿ. ಎರಡನ್ನೂ ಅಳಿಸಿದಳು.

ಆಗಸ್ಟಿನ ಮೊದಲ ವಾರ ಅದೇ ವಿಳಾಸದಿಂದ ಮೂರನೆಯದು ಬಂತು. ಅಳಿಸಲು ಕೈ ಹೋದದ್ದು ನಿಂತಿತು. ಕಳ್ಳರು ಹೀಗೆ ಮಾಡುವುದಿಲ್ಲ ಎಂದು ಅವಳ ನೋಟ್‌ಬುಕ್ಕೇ ಹೇಳುತ್ತಿತ್ತು, ಅವರು ಪ್ರತಿಸಲ ಹೊಸ ವಿಳಾಸದಿಂದ ಬರೆಯುತ್ತಾರೆ. ಇವನ್ಯಾರು ಒಂದೇ ಮನೆಯಿಂದ ಮೂರು ಸಲ ಬರೆಯುವವನು, ಇದು ಯಾವ ದೇಶದ ಭಾಷೆ ಎಂಬ ಕುತೂಹಲ ಅವಳನ್ನು ಕಚ್ಚಿತು. ಅಳಿಸದೆ ಬಿಟ್ಟಳು. ಮೂರು ದಿನ ಅದನ್ನು ತೆರೆದು ತೆರೆದು ನೋಡಿದಳು, ಕಚೇರಿಯಲ್ಲಿ ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ ತನಗೆ ತಿಳಿಯದ್ದೂ ಒಂದು ಇದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ. ನಾಲ್ಕನೆಯ ದಿನ ಒಂದು ಹಾಳೆಯಲ್ಲಿ ಮುದ್ರಿಸಿ, ಮಡಚಿ ಚೀಲಕ್ಕೆ ಹಾಕಿಕೊಂಡು ಟಂಟಂ ಹತ್ತಿ ಮನೆಗೆ ಬಂದಳು.

ಅಮಸಿದ್ದಪ್ಪ ಕೈ ತೊಳೆದು ಒರೆಸಿಕೊಂಡು ಹಾಳೆಯನ್ನು ಹಿಡಿದ. ಅವ್ವ ಹಣಮವ್ವ ರೊಟ್ಟಿ ಬಡಿಯುತ್ತಾ, ಓದಲು ಬಾರದವನ ಕೈಗೆ ಯಾಕೆ ಕೊಡುತ್ತೀಯೇ ಎಂದು ನಕ್ಕಳು. ಅವನು ಓದಲು ಹೋಗಲಿಲ್ಲ. ಹಿಂಡು ಎದುರಿಗೆ ಹಾಯುವಾಗ ನೋಡುವ ಹಾಗೆ ನಿಧಾನವಾಗಿ ಸಾಲಿನ ಮೇಲೆ ಸಾಲು ನೋಡಿದ. ಇದು ಎಷ್ಟನೆಯ ಸಲ ಬಂದದ್ದು ಎಂದು ಕೇಳಿದ. ಮೂರನೆಯದು ಎಂದಳು. ಮೊದಲಿನ ಎರಡನ್ನು ಏನು ಮಾಡಿದೆ ಎಂದು ಕೇಳಿದ. ಅಳಿಸಿದೆ ಎಂದಳು. ಅವನು ತಲೆ ಎತ್ತಿ ಮಗಳ ಮುಖ ನೋಡಿದ.

“ಕುರಿ ಒಮ್ಮಿ ಬಂದ್ರ ದಾರಿ ತಪ್ಪಿ ಬಂತು ಅನಬಹುದು. ಮೂರು ಸಲ ನಿನ್ನ ದಡ್ಡಿಗೇ ಬಂತಂದ್ರ, ಅದರ ಮಾಲಕ ಇಲ್ಲೇ ಎಲ್ಲ್ಯರ ಅದಾನವ್ವಾ.”

ಆಮೇಲೆ ಹಾಳೆಯ ಮೇಲಿನ ಸಾಲಿನಲ್ಲಿ ಬೆರಳಿಟ್ಟ. ಇಂಗ್ಲಿಷಿನ ಮೊದಲ ಅಕ್ಷರ, ನೆತ್ತಿಯ ಮೇಲೆ ಓರೆಯಾಗಿ ಒಂದು ಗೆರೆ. ಅದು ಹಾಳೆಯ ತುಂಬ ಇತ್ತು.

“ಈ ಕೋಡಿಂದು ನೋಡು. ಒಂದೊಂದರ ಬೆನ್ನಿಗೂ ಒಂದೊಂದು ಐತಿ. ಇದು ಹಾದಿಬೀದ್ಯಾಗ ಕೂಡಿದ ಹಿಂಡಲ್ಲ. ಯಾರೋ ಕಾದ ಹಿಂಡೈತಿ ಇದು.”

ಬೆರಳಿಟ್ಟ ಜಾಗದಲ್ಲಿ ಅಂಥವು ನಾಲ್ಕು ಜೋಡಿ ಇದ್ದವು. ಒಂದು ಅಕ್ಷರ, ಅದರ ಹಿಂದೆ ಕೋಡಿನದು. ಇನ್ನೊಂದು, ಅದರ ಹಿಂದೆ ಕೋಡಿನದು. ಮಾಲಾ ನೋಡುತ್ತಾ ನೋಡುತ್ತಾ ರೊಟ್ಟಿ ಮುರಿಯುವುದನ್ನು ಬಿಟ್ಟಳು. ಜಮಖಂಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಕಲಿಯುವಾಗ ಮೇಷ್ಟ್ರು ಹೇಳಿದ್ದೊಂದು ಮಾತು ನೆನಪಾಯಿತು. ಕನ್ನಡ ಟೈಪು ಮಾಡುವ ‘ನುಡಿ’ ತಂತ್ರಾಂಶದಲ್ಲಿ ಅಕ್ಷರ ಒಂದು ತುಂಡು, ಅದರ ತಲೆಕಟ್ಟು ಇನ್ನೊಂದು ತುಂಡು. ಆ ಅಚ್ಚು, ಅಂದರೆ ಫಾಂಟು, ಇಲ್ಲದ ಕಡೆ ಹೋದರೆ ಅವೇ ತುಂಡುಗಳು ಇಂಗ್ಲಿಷಿನ ವೇಷ ಹಾಕಿ ನಿಲ್ಲುತ್ತವೆ. ದಿನಾ ನುಡಿಯಲ್ಲೇ ಪತ್ರ ಹೊಡೆಯುವವಳು, ಆದರೆ ಅದರ ವೇಷ ಕಳಚಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಅಪ್ಪ ಕೋಡು ಎಂದದ್ದು ತಲೆಕಟ್ಟು. ನಾಲ್ಕು ಅಕ್ಷರ, ನಾಲ್ಕಕ್ಕೂ ತಲೆಕಟ್ಟು. ಸೋಮವಾರ ಸೋಮವಾರ ಕಿಟಕಿಯ ಸರಳು ಹಿಡಿದು ನಿಲ್ಲುವವನ ಹೆಸರೂ ಅಂಥದೇ. ದ, ಶ, ರ, ಥ.

ಇದು ಪರದೇಶಿಯಲ್ಲ, ಕನ್ನಡ. ಮೊದಲಿನ ಎರಡೂ ಕನ್ನಡವೇ.

ಮರುದಿನ ಮೊದಲ ಬಸ್ಸಿಗೆ ಕಚೇರಿಗೆ ಹೋಗಿ, ಮೇಲನ್ನು ಪೂರ್ತಿ ಎತ್ತಿ ನುಡಿಯಲ್ಲಿ ಇಳಿಸಿ ಅಚ್ಚು ಬದಲಿಸಿದಳು. ಕೆಟ್ಟು ನಿಂತದ್ದೆಲ್ಲ ಒಂದೇ ಕ್ಷಣದಲ್ಲಿ ಕನ್ನಡವಾಗಿ ಎದ್ದು ನಿಂತಿತು. ಪರೀಕ್ಷೆ ನಡೆಸುವ ಕಚೇರಿಯ ಪತ್ರ. ಹಾಜರಾಗುವ ಬಗ್ಗೆ ಒಪ್ಪಿಗೆ ಕೇಳಿ ಎರಡು ಸಲ ಬರೆದರೂ ದಶರಥ ಅವರಿಂದ ಉತ್ತರ ಬಂದಿಲ್ಲ, ಇಂಥ ತಾರೀಖಿನ ಸಂಜೆ ಐದರೊಳಗೆ ತಡವಾದ ಕಾರಣವನ್ನು ಕಾರ್ಖಾನೆಯ ಮೊಹರಿನೊಂದಿಗೆ ತಿಳಿಸದಿದ್ದರೆ ಹೆಸರು ಕೈಬಿಡಲಾಗುವುದು, ಪರೀಕ್ಷೆ ಬರುವ ಶನಿವಾರ ಬೆಳಗಾವಿಯಲ್ಲಿ. ಆ ತಾರೀಖು ಅಂದೇ ಆಗಿತ್ತು. ನಾಲ್ಕು ದಿನ ಅದನ್ನು ದಡ್ಡಿಯಲ್ಲಿಟ್ಟು ಅಂದ ನೋಡುತ್ತಾ ಕೂತಿದ್ದಕ್ಕೆ ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಾಳಾಸಾಹೇಬರು ಹನ್ನೊಂದಕ್ಕೆ ಬಂದರು. ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿ, ಇದಕ್ಕೆ ಇಷ್ಟು ಗಾಬರಿ ಯಾಕೆ, ಫಿಲ್ಟರಿನ ದೋಷದಿಂದ ಪತ್ರಗಳು ಸಿಗಲಿಲ್ಲ ಎಂದು ಬರೆದರೆ ಮೊಹರು ಹಾಕುತ್ತೇನೆ ಎಂದರು. ಯಂತ್ರ ಬಂದು ಅಲ್ಲ ಎನ್ನುತ್ತದೆಯೇ. ಮಾಲಾಳಿಗೂ ಆ ದಾರಿ ಕಾಣದೆ ಇರಲಿಲ್ಲ. ಅವಳ ಗುತ್ತಿಗೆ ಮುಂದುವರಿಸುವ ಕಾಗದ ಮುಂದಿನ ತಿಂಗಳು ಮೇಲಿನವರ ಮೇಜಿಗೆ ಹೋಗುವುದಿತ್ತು. ಆದರೆ ಅವಳ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿತ್ತು, ಪರದೇಶಿ, ಅಳಿಸಿದ್ದು.

“ಫಿಲ್ಟರ್ ಬರೇ ಹಿಡದಿಟ್ಟಿತ್ತ್ರಿ ಸಾಹೇಬ್ರ,” ಎಂದಳು. “ಒಗದಾಕಿ ನಾನು.”

ಬಾಳಾಸಾಹೇಬರು ಕನ್ನಡಕ ತೆಗೆದು ಒರೆಸಿದರು. ಹಾಗೆ ಬರೆದರೆ ಆ ಕಾಗದದ ಪ್ರತಿ ನಿನ್ನ ಫೈಲಿನಲ್ಲಿ ಕೂರುತ್ತದೆ ನೋಡು ಎಂದು ತಿಳಿಸಿ ಹೇಳಿದರು. ಕೂರಲಿ ಎಂದಳು. ಪತ್ರ ಅವಳೇ ಹೊಡೆದಳು. ಅಭ್ಯರ್ಥಿಯ ತಪ್ಪು ಏನೂ ಇಲ್ಲ, ಪತ್ರಗಳು ನನ್ನ ಕೈಗೆ ಬಂದಿದ್ದವು, ನನ್ನ ಭಾಷೆಯನ್ನೇ ನಾನು ಗುರುತಿಸದೆ ಅಳಿಸಿಹಾಕಿದೆ ಎಂದು ನೇರವಾಗಿ ಬರೆದು ಸಹಿ ಮಾಡಿದಳು. ಬಾಳಾಸಾಹೇಬರು ಎರಡು ಸಲ ಓದಿ ಮೊಹರು ಒತ್ತಿದರು. ಈ ಕಾಗದವೂ ಆ ಕಡೆ ಯಾರ ದಡ್ಡಿಗೋ ಬಿದ್ದೀತೆಂದು ಹೆದರಿ, ಅದನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಕಳಿಸಿದಳು. ಅದು ಸಾಲದೆಂದು ಫ್ಯಾಕ್ಸೂ ಮಾಡಿದಳು, ಆಮೇಲೆ ಫೋನು ಹಚ್ಚಿ ಬಂತೋ ಇಲ್ಲವೋ ಎಂದು ಕೇಳಿದಳು. ಬಂದಿದೆ, ಹೆಸರು ಉಳಿಯುತ್ತದೆ ಎಂದು ಆ ಕಡೆಯ ದನಿ ಹೇಳಿದಾಗ ನಾಲ್ಕೂ ಕಾಲು ಗಂಟೆ.

ಇನ್ನು ದಶರಥನಿಗೆ ಹೇಳಬೇಕು. ಅವನ ಹೊಸ ನಂಬರು ಒಂಬತ್ತು ಸಲ ರಿಂಗಾಯಿತು, ಲೂಮಿನ ಖಟಪಟದಲ್ಲಿ ಯಾರಿಗೆ ಕೇಳಬೇಕು. ಮಾಲಾ ಬನಹಟ್ಟಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಳ್ಳೆಯ ಸುದ್ದಿಯನ್ನು ಮೊದಲು ಹೇಳಿ, ಉಳಿದದ್ದನ್ನು ಹೇಳದೆ ಇದ್ದರೆ ಏನಾದೀತು ಎಂದು ಲೆಕ್ಕ ಹಾಕಿದಳು. ಏನೂ ಆಗುತ್ತಿರಲಿಲ್ಲ. ಅವನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಶೆಡ್ಡಿನಲ್ಲಿ ಹನ್ನೆರಡು ಲೂಮುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಮಾತು ನಡೆಯುವ ಜಾಗವಲ್ಲ. ಅಪ್ಪನಿಗೆ ತೋರಿಸಿದ ಹಾಳೆಯ ಬೆನ್ನಿಗೇ ಕನ್ನಡಕ್ಕೆ ತಿರುಗಿಸಿದ್ದನ್ನು ಅವಳು ಮುದ್ರಿಸಿ ತಂದಿದ್ದಳು, ಅದನ್ನು ದಶರಥನ ಕೈಗೆ ಕೊಟ್ಟಳು. ಅವನು ತುಟಿಯಾಡಿಸುತ್ತಾ ಓದಿದ. ಎರಡು ಸಲ ಬರೆದರೂ ಎಂಬಲ್ಲಿ ಅವನ ಬೆರಳು ನಿಂತಿತು. ಕೈಚಾಚಿ ತನ್ನ ಲೂಮನ್ನು ನಿಲ್ಲಿಸಿ, ಅವಳನ್ನು ಹೊರಗೆ ಕರೆದು, ಮೊದಲಿನ ಎರಡು ಎಲ್ಲಿ ಎಂದು ಕೇಳಿದ.

“ಬಂದಿದ್ದುವು ರೀ. ಅಳಿಸಿದಾಕಿ ನಾನ. ನೀವು ಕಿಟಕಿಗಿ ಬಂದು ಕೇಳಿದಾಗ ಇಲ್ಲ ಅಂದ್ನೆಲ್ಲ, ಆವಾಗ ಅಳಿಸಿ ಎರಡ ದಿನ ಆಗಿತ್ತು.”

ದಶರಥ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಲಾಳಿಗೆ ಎನಿಸಿತು, ಕಣ್ಣು ತುಂಬಿ ಬಂತು. ಕೊನೆಗೆ ಅವನು ಕೇಳಿದ್ದು ಅವಳು ಎಣಿಸಿರದ ಪ್ರಶ್ನೆ. ಮೂರನೆಯದನ್ನು ಯಾಕೆ ಉಳಿಸಿದಿರಿ ಎಂದ. ಅಪ್ಪ, ಹಾಳೆ, ಕೋಡು ಎಲ್ಲವನ್ನೂ ಅವಳು ಹೇಳಿದಳು. ಅವನು ಹಾಳೆಯ ಹಿಂಬದಿ ಮುದ್ರಿಸಿದ್ದ ಆ ಕೆಟ್ಟ ಅಕ್ಷರಗಳನ್ನು ತಿರುಗಿಸಿ ನೋಡಿ, ತನ್ನ ಹೆಸರನ್ನು ಹುಡುಕಿ, ನಾಲ್ಕು ಕೋಡುಗಳನ್ನು ಎಣಿಸಿದ. ಆಮೇಲೆ ಮಾಲಕನ ಹತ್ತಿರ ಶನಿವಾರದ ರಜೆ ಕೇಳಲು ಒಳಗೆ ಹೋದ.

ಅವನು ಪಾಸಾದ. ಬಾಯಿಮಾತಿನ ಪರೀಕ್ಷೆಯಲ್ಲಿ ಉಗಿಯ ಸದ್ದಿನ ಬಗ್ಗೆ ಎಷ್ಟು ಹೇಳಿದನೆಂದರೆ ಕೇಳುವವರೇ ಸಾಕು ಎಂದರಂತೆ. ಅಕ್ಟೋಬರಿನಲ್ಲಿ ಬಾಯ್ಲರ್ ಪೂಜೆಯ ದಿನ ಗಿರಿಮಲ್ಲಪ್ಪ ಅವನ ಕೈಗೆ ದೀವಟಿಗೆ ಕೊಟ್ಟ. ಪೂಜೆಗೆ ದಶರಥ ಅಮಸಿದ್ದಪ್ಪನನ್ನೂ ಕರೆಸಿದ್ದ. ಕಂಬಳಿ ಹೊದ್ದ ಮುದುಕ ಅಷ್ಟು ದೊಡ್ಡ ಒಲೆಯನ್ನು ಸುತ್ತಿ ಸುತ್ತಿ ನೋಡಿ, ಇದಕ್ಕೆ ದಿನಕ್ಕೆ ಎಷ್ಟು ಸಿಪ್ಪೆ ಬೇಕು ಎಂದು ಕೇಳಿದ್ದೇ ಕೇಳಿದ್ದು. ಮಗಳ ಕುತೂಹಲ ಎಲ್ಲಿಂದ ಬಂತೆಂದು ಅಂದು ಕಚೇರಿಯವರಿಗೆಲ್ಲ ಗೊತ್ತಾಯಿತು.

ಮಾಲಾಳ ಗುತ್ತಿಗೆಯನ್ನು ವರ್ಷದ ಬದಲು ಆರು ತಿಂಗಳಿಗೆ ಮುಂದುವರಿಸಿದರು. ಫೈಲಿನಲ್ಲಿದ್ದ ಕಾಗದ ತನ್ನ ಕೆಲಸ ಮಾಡಿತ್ತು. ಆದರೆ ಅವಳ ಮನಸ್ಸನ್ನು ಕೊರೆಯುತ್ತಿದ್ದುದು ಅದಲ್ಲ. ಫಿಲ್ಟರಿನಲ್ಲಿ ಅಳಿಸಿದ ಮೇಲುಗಳು ಉಳಿದಿರಲಿಲ್ಲ, ಬಂದ ವಿಳಾಸಗಳು ಮಾತ್ರ ಉಳಿದಿದ್ದವು. ತನ್ನ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಒಂದು ವರ್ಷದ ಪರದೇಶಿಗಳನ್ನು ಹೆಕ್ಕಿದಳು. ವಿಳಾಸ ನೋಡಿ ನಿಜವಾದ ಪರದೇಶದವನ್ನು ಕಳೆದು ನಲವತ್ಮೂರು ಉಳಿದವು. ನಲವತ್ಮೂರು ಮಂದಿ ಕನ್ನಡದಲ್ಲಿ ಏನೋ ಬರೆದು, ಉತ್ತರಕ್ಕೆ ಕಾದು, ಕಾರ್ಖಾನೆಯವರು ಇಷ್ಟೇ ಎಂದು ಸುಮ್ಮನಾಗಿದ್ದರು. ಒಬ್ಬೊಬ್ಬರಿಗೂ ಅವಳು ಬರೆದಳು: ನಿಮ್ಮ ಕಾಗದ ಬಂದಿತ್ತು, ನಾನು ಓದದೆ ಅಳಿಸಿದೆ, ದಯವಿಟ್ಟು ಇನ್ನೊಮ್ಮೆ ಕಳಿಸಿ.

ಏಳು ಜನ ಉತ್ತರ ಬರೆದರು. ತುಬಚಿಯ ಕಡೆಯ ಒಬ್ಬ ಮೇಷ್ಟ್ರು, ನಮ್ಮ ಶಾಲೆಯ ಮಕ್ಕಳಿಗೆ ಸಕ್ಕರೆ ಹೇಗೆ ಆಗುತ್ತದೆ ನೋಡಬೇಕೆಂದು ಆಸೆಯಿತ್ತು, ಆ ಮಕ್ಕಳು ಈಗ ಏಳನೆಯದು ಮುಗಿಸಿ ಬೇರೆ ಊರಿಗೆ ಹೋದರು ಎಂದು ಬರೆದಿದ್ದರು. ಉಳಿದ ಮೂವತ್ತಾರು ಮಂದಿ ಏನು ಕೇಳಿದ್ದರೋ ಅವಳಿಗೆ ಎಂದಿಗೂ ತಿಳಿಯುವುದಿಲ್ಲ. ಎಲ್ಲವನ್ನೂ ತಿಳಿಯಬೇಕು ಎನ್ನುವವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಮೇಲಧಿಕಾರಿಯೂ ಕೊಡಲಾರ.

ದಶರಥ ಈಗ ಕಾಯಂ ನೌಕರ, ನೀಲಿ ಅಂಗಿ, ಅವನಿಗೆ ಎಲ್ಲಿಂದಲೂ ಕಾಗದ ಬರುವುದು ಬಾಕಿಯಿಲ್ಲ. ಆದರೂ ಬೆಳಗಿನ ಪಾಳಿಯಿದ್ದಾಗ ಹತ್ತು ಗಂಟೆಗೆ ಚಹಾಕ್ಕೆ ಹೊರಟವನು ಮಾಲಾಳ ಕಿಟಕಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಾನೆ. ಮೊದಲಿನ ಹಾಗೆಯೇ ಸರಳು ಹಿಡಿದು ಕೇಳುತ್ತಾನೆ, ಒಂದು ಮಾತು ಮಾತ್ರ ಬದಲಾಗಿದೆ.

“ಯಾರದರ ಬಂತೇನ್ರಿ?”

ಅವಳು ಆ ದಿನದ ದಡ್ಡಿಯನ್ನು ಕೊನೆಯವರೆಗೂ ನೋಡಿ ಮುಗಿಸಿದ ಮೇಲೆಯೇ ಉತ್ತರ ಹೇಳುತ್ತಾಳೆ. ಅಲ್ಲಿಯವರೆಗೆ ಅವನೂ ಚಹಾಕ್ಕೆ ಹೋಗುವುದಿಲ್ಲ.